ಶಿರಸಿಯ ಸಂತಾನ ಚಿಕಿತ್ಸಾಲಯ: ಇಬ್ಬರನ್ನೂ ಕೂರಿಸಿ ಮಾತನಾಡಿದರು

ಮಕ್ಕಳಾಗಲಿಲ್ಲವೆಂದರೆ ನಮ್ಮ ಕಡೆ ಮೊದಲು ಹೆಂಡತಿಯನ್ನೇ ತಪಾಸಣೆಗೆ ಕಳುಹಿಸುತ್ತಾರೆ. ಶಿರಸಿ ಪೇಟೆಯ ಈ ಚಿಕಿತ್ಸಾಲಯದ ವೈದ್ಯೆ ಹಾಗೆ ಮಾಡಲಿಲ್ಲ. ಇಬ್ಬರನ್ನೂ ಎದುರು ಕೂರಿಸಿಕೊಂಡು ಮೊದಲು ಬರೆದುಕೊಟ್ಟದ್ದು ನನ್ನ ಗಂಡನ ವೀರ್ಯ ಪರೀಕ್ಷೆ. ಅದರಲ್ಲಿ ನೋವಿಲ್ಲ, 2ರಿಂದ 7 ದಿನ ವೀರ್ಯ ಸ್ಖಲನವಾಗದಂತೆ ಸಂಯಮದಿಂದಿದ್ದು ಮಾದರಿ ಕೊಟ್ಟರೆ ಸಾಕು. ನನಗೆ ಥೈರಾಯ್ಡ್ ಪರೀಕ್ಷೆ, ಸ್ಕ್ಯಾನಿಂಗ್. ಗರ್ಭನಾಳಗಳ ಎಕ್ಸ್‌ರೇ ಆಮೇಲೆ ನೋಡೋಣ ಎಂದರು. ಮುಟ್ಟಿನ ದಿನಾಂಕಗಳನ್ನು ಕೇಳಿಕೊಂಡು, ಅಂಡ ಬಿಡುಗಡೆಯಾಗಬಹುದಾದ ದಿನಕ್ಕೂ ಅದರ ಹಿಂದಿನ 5 ದಿನಗಳಿಗೂ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿ, ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಿರುವುದು ಈ ದಿನಗಳಲ್ಲೇ ಎಂದು ತೋರಿಸಿದರು. ಫೋಲಿಕ್ ಆಮ್ಲದ ಮಾತ್ರೆ ಅಂದೇ ಶುರುವಾಯಿತು.

ಬೇಸರವೆಂದರೆ, ಸಹಾಯಕಿ ತುಂಬಿದ ಬೆಂಚುಗಳ ನಡುವೆ ನಿಂತು ‘ಮಕ್ಕಳಾಗದವರು ಬನ್ನಿ’ ಎಂದು ಕೂಗುತ್ತಾರೆ. ಇದು ನಿಲ್ಲಲೇಬೇಕು. ಐವಿಎಫ್ (ಅಂಡ, ವೀರ್ಯಗಳನ್ನು ದೇಹದ ಹೊರಗೆ ಸೇರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಇಡುವ ಚಿಕಿತ್ಸೆ) ಇಲ್ಲಿಲ್ಲ, ಅಗತ್ಯವಿದ್ದವರಿಗೆ ಹುಬ್ಬಳ್ಳಿಗೆ ಚೀಟಿ ಕೊಡುತ್ತಾರೆ.

35 ವಯಸ್ಸಿನೊಳಗಿನ ಹೆಂಗಸರು ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ಹೋಗಿ. 35 ದಾಟಿದವರು 6 ತಿಂಗಳಿಗೇ ಹೋಗಿ. ಮುಟ್ಟು ಏರುಪೇರಾಗುತ್ತಿದ್ದರೆ ಅಷ್ಟೂ ಕಾಯಬೇಡಿ. ಅಡಿಕೆ ಕೊಯ್ಲು ಮುಗಿಯಲಿ ಎಂದು ಗಂಡ ಹೇಳಿದರೂ ಬಿಡದೆ ಜೊತೆಗೇ ಕರೆದೊಯ್ಯಿರಿ.