ಹಕ್ಕಿ ಫೋಟೋಗೆ 100-400 ಎಂಎಂ ಜೂಮ್ ಲೆನ್ಸ್ ಸಾಕಾ, 150-600 ಬೇಕಾ?

ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ಹಕ್ಕಿಗಳು ದೂರದ ಮರಳ ಮೇಲೆ ಕೂರುತ್ತವೆ. ಅಲ್ಲಿ 400 ಎಂಎಂ ಸಾಲದು, ಸಿಗ್ಮಾ 150-600 ಕಂಟೆಂಪರರಿ ಬೇಕು. ಸೋಂದಾದ ಮುಂಡಿಗೆಕೆರೆಯ ಬೆಳ್ಳಕ್ಕಿ ಗೂಡುಗಳಿಗೂ ಅದೇ ಸರಿ. ಗೂಡಿನ ಹತ್ತಿರ ಹೋಗಲೇಬಾರದು, ಅಲ್ವಾ?

ಆದರೆ ತೂಕ ನೋಡಿ. 150-600 ಸುಮಾರು 1.9 ಕೆಜಿ. ಸಿಗ್ಮಾ 100-400 ಸುಮಾರು 1.2 ಕೆಜಿ. ಶಿರಸಿ ಕಡೆಯ ಕಾಡಿನಲ್ಲಿ ಎರಡು ತಾಸು ನಡೆದ ಮೇಲೆ ಈ ವ್ಯತ್ಯಾಸ ಭುಜಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ಹಾರುವ ಮಂಗಟ್ಟೆಯನ್ನು ಕೈಯಲ್ಲೇ ಹಿಡಿದು ತೆಗೆಯಲು ಚಿಕ್ಕದೇ ಸಲೀಸು. 1.6 ಮೀಟರ್ ದೂರದ ಚಿಟ್ಟೆಗೂ ಫೋಕಸ್ ಆಗುತ್ತದೆ.

ಮಬ್ಬು ಬೆಳಕಿನಲ್ಲಿ ಎರಡೂ ಒಂದೇ. ಪೂರ್ತಿ ಜೂಮ್‌ನಲ್ಲಿ ಲೆನ್ಸ್ ಕಿಂಡಿ (ಅಪರ್ಚರ್) ಎಫ್/6.3ರಷ್ಟೇ ತೆರೆಯುತ್ತದೆ, ಬೆಳಕು ಕಡಿಮೆ ಬರುತ್ತದೆ; ಹಾಗಾಗಿ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸಲೇಬೇಕು.

ಜಾಸ್ತಿ ನಡೆಯುವವರಿಗೆ ನಾನು 100-400 ಅನ್ನೇ ಹೇಳುತ್ತೇನೆ.