ಒಳಮನಸ್ಸಿನ ಕಾರ್ಯಾಗಾರ: ಶನಿವಾರ ಹೋಗಿ, ಭಾನುವಾರ ಮನೆಯಲ್ಲಿರಿ

ತಂಡ ನಡೆಸುವವರಿಗೆ, ಕೋಚ್‌ಗಳಿಗೆ ಒಳಮನಸ್ಸಿನ ಮಾತು ಕೇಳುವುದನ್ನು ಕಲಿಸುತ್ತೇವೆ ಅಂತ ಬೆಂಗಳೂರಿನಲ್ಲಿ ನಡೆಸುವ ಎರಡು ದಿನದ ಕಾರ್ಯಾಗಾರ ಇದು. ಫೀಸು 9,500 ರೂಪಾಯಿ, ಮೇಲೆ ಶೇ 18ರಷ್ಟು ಜಿಎಸ್‌ಟಿ. ಸಂಸ್ಥೆಯ ಹೆಸರು ಬೇಡ ಬಿಡಿ. ನಾನು ಹುಡುಗಿಯರ ಕಬಡ್ಡಿ ತಂಡದ ಕೋಚ್. ಉಳಿದವರಲ್ಲಿ ಹೆಚ್ಚಿನವರು ಐಟಿ ಮ್ಯಾನೇಜರ್‌ಗಳು.

ಶನಿವಾರ ಕಲಿಸಿದ ಮೇಡಂ ಚೆನ್ನಾಗಿ ಓದಿಕೊಂಡು ಬಂದಿದ್ದರು. ಗ್ಯಾರಿ ಕ್ಲೈನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಅಗ್ನಿಶಾಮಕ ದಳದ ನಾಯಕರನ್ನು ಕೂರಿಸಿಕೊಂಡು ಮಾತಾಡಿಸಿದ ವಿಷಯದಿಂದಲೇ ಶುರು ಮಾಡಿದರು. ಅದರಲ್ಲಿ ಒಬ್ಬನ ಕಥೆ ಕೇಳಿ. ಅಡುಗೆಮನೆಗೆ ಬೆಂಕಿ ಬಿದ್ದಿದೆ, ಎಷ್ಟು ನೀರು ಹೊಡೆದರೂ ಜಗ್ಗುತ್ತಿಲ್ಲ, ಪಕ್ಕದ ಕೋಣೆಯಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ಬಿಸಿ, ಆದರೆ ಬೆಂಕಿಯ ಸದ್ದೇ ಇಲ್ಲ. ಯಾಕೋ ಸರಿಯಿಲ್ಲ ಅನ್ನಿಸಿ ಎಲ್ಲರನ್ನೂ ಹೊರಗೆ ಕರೆದ. ಹಿಂದೆಯೇ ನೆಲ ಕುಸಿಯಿತು. ಬೆಂಕಿ ಇದ್ದದ್ದು ನೆಲಮಾಳಿಗೆಯಲ್ಲಿ! ತನಗೇನೋ ಅತೀಂದ್ರಿಯ ಶಕ್ತಿ ಇದೆ ಅಂತಲೇ ಆತ ನಂಬಿದ್ದ. ಕ್ಲೈನ್ ಕೆದಕಿ ಕೇಳಿದ ಮೇಲೆ ತಿಳಿದದ್ದು ಇಷ್ಟೇ: ಅವನು ಅಲ್ಲಿಯವರೆಗೆ ನೋಡಿದ್ದ ಬೆಂಕಿಗಳ ಲೆಕ್ಕಕ್ಕೆ ಈ ಬೆಂಕಿ ಕೂಡುತ್ತಿರಲಿಲ್ಲ.

ಆಮೇಲೆ ಡೇನಿಯಲ್ ಕಾನೆಮನ್ ವಿಷಯ ಬಂತು. ಈ ನೊಬೆಲ್ ವಿಜೇತರು ಮನಸ್ಸಿಗೆ ಥಟ್ಟನೆ ಹೊಳೆಯುವುದನ್ನೆಲ್ಲ ಅನುಮಾನದಿಂದ ನೋಡಿದವರು, ಕ್ಲೈನ್‌ಗೆ ತದ್ವಿರುದ್ಧ. ಆದರೂ 2009ರಲ್ಲಿ ಇಬ್ಬರೂ ಸೇರಿ ಒಂದು ಲೇಖನ ಬರೆದು, ಅನುಭವಿಗಳ ಹೊಳಹನ್ನು ಯಾವಾಗ ನಂಬಬಹುದು ಅನ್ನುವುದರಲ್ಲಿ ಒಪ್ಪಿಕೊಂಡರು. ಆ ಕೆಲಸದಲ್ಲಿ ಮತ್ತೆ ಮತ್ತೆ ಕಾಣುವ ಒಂದು ಕ್ರಮ ಇರಬೇಕು, ಮತ್ತು ನಿಮ್ಮ ಊಹೆ ಸರಿಯೋ ತಪ್ಪೋ ಅನ್ನುವುದು ನಿಮಗೆ ಬೇಗ, ಸ್ಪಷ್ಟವಾಗಿ ತಿಳಿಯುತ್ತಿರಬೇಕು.

ಕೊಟ್ಟ ದುಡ್ಡು ನನಗೆ ವಸೂಲಾದದ್ದು ಇಲ್ಲೇ. ಕಬಡ್ಡಿಯಲ್ಲಿ ಒಂದು ರೈಡ್‌ಗೆ 30 ಸೆಕೆಂಡು. ಎದುರು ತಂಡದ ಕಾರ್ನರ್ ಆಟಗಾರ್ತಿ ಕಾಲು ಹಿಂದೆ ಇಡುತ್ತಿದ್ದಾಳೆ, ಈಗ ನಮ್ಮ ಈ ಹುಡುಗಿಯನ್ನು ರೈಡ್‌ಗೆ ಕಳಿಸಬೇಕು ಅಂತ ಹೊಳೆದರೆ, ಅದು ಸರಿಯಾ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಅದೇ ಆಯ್ಕೆ ಟ್ರಯಲ್ಸ್‌ನಲ್ಲಿ? 'ಈ ಹುಡುಗಿ ಬೆಳೆಯಲ್ಲ' ಅಂತ ಒಬ್ಬಳನ್ನು ಬಿಟ್ಟರೆ ಅವಳು ಮತ್ತೆ ಮೈದಾನಕ್ಕೇ ಬರುವುದಿಲ್ಲ. ಆಡಿದ್ದರೆ ಏನಾಗುತ್ತಿತ್ತು ಅಂತ ಯಾವ ಕೋಚ್‌ಗೂ ತಿಳಿಯುವುದಿಲ್ಲ. ಆದರೂ ಹಿರಿಯ ಕೋಚ್‌ಗಳು 'ನೋಡಿದ ತಕ್ಷಣ ಹೇಳಿಬಿಡ್ತೀನಿ' ಅನ್ನುವುದು ಇದೇ ವಿಷಯದಲ್ಲಿ, ಅಲ್ವಾ? ಕೆಲಸಕ್ಕೆ ಇಂಟರ್‌ವ್ಯೂ ಮಾಡುವವರ ಕಥೆಯೂ ಹೀಗೇ.

ಸಂಜೆ ಒಂದು ನೋಟ್‌ಬುಕ್ ಅಭ್ಯಾಸ ಕೊಟ್ಟರು. ನಿರ್ಧಾರಕ್ಕೆ ಮೊದಲೇ ಬರೆದಿಡಬೇಕು: ಏನು ಅನ್ನಿಸಿತು, ಏನನ್ನು ನೋಡಿ ಹಾಗನ್ನಿಸಿತು, ಹತ್ತಕ್ಕೆ ಎಷ್ಟು ಖಾತ್ರಿ, ಫಲಿತಾಂಶ ಯಾವಾಗ ಗೊತ್ತಾಗುತ್ತದೆ. ಆಮೇಲೆ ಬರೆದರೆ ಪ್ರಯೋಜನವಿಲ್ಲ, 'ನಾನು ಅವತ್ತೇ ಹೇಳಿದ್ದೆ' ಅನ್ನುವ ಕಾಯಿಲೆ ಎಲ್ಲರಿಗೂ ಇದೆ. ಮ್ಯಾಚ್‌ಗಳಲ್ಲಿ ನಾನು ಈಗಲೂ ಬರೆಯುತ್ತಿದ್ದೇನೆ. 'ಏನನ್ನು ನೋಡಿ' ಅನ್ನುವ ಸಾಲು ಖಾಲಿ ಉಳಿದರೆ ಸಹಾಯಕ ಕೋಚ್‌ನ ಒಂದು ಮಾತು ಕೇಳುತ್ತೇನೆ.

ಭಾನುವಾರ ಬೇರೆ ಟ್ರೇನರ್. ಕಣ್ಣು ಮುಚ್ಚಿಸಿದರು, ಗಂಟೆ ಬಾರಿಸಿದರು, ಎದೆಯಲ್ಲಿ ಏನಾಗುತ್ತಿದೆ ಗಮನಿಸಿ ಅಂದರು. ಸುಮ್ನೆ ಕೂರುವುದಕ್ಕೆ ನನ್ನ ತಕರಾರಿಲ್ಲ, ಎಸಿ ಮಾತ್ರ ವಿಪರೀತ ಇತ್ತು. ತಕರಾರು ಇರುವುದು ಧೋನಿ ಸ್ಲೈಡ್ ಬಗ್ಗೆ. 2011ರ ವಿಶ್ವಕಪ್ ಫೈನಲ್‌ನಲ್ಲಿ ಧೋನಿ ಯುವರಾಜ್‌ಗಿಂತ ಮೊದಲು ಬ್ಯಾಟಿಂಗ್‌ಗೆ ಇಳಿದು ಅಜೇಯ 91 ಹೊಡೆದರಲ್ಲ, ಅದು 'ಲೆಕ್ಕಾಚಾರವಿಲ್ಲದ ಒಳದನಿ'ಯಂತೆ! ಅವತ್ತು ಎದುರಿಗೆ ಬೌಲಿಂಗ್ ಮಾಡುತ್ತಿದ್ದ ಶ್ರೀಲಂಕಾದ ಮುರಳೀಧರನ್, ಐಪಿಎಲ್‌ನ ಚೆನ್ನೈ ತಂಡದಲ್ಲಿ 2008ರಿಂದ 2010ರವರೆಗೆ ಅದೇ ಧೋನಿ ಜೊತೆ ಆಡಿದವರು. ನೆಟ್ಸ್‌ನಲ್ಲಿ ಆ ಚೆಂಡುಗಳನ್ನು ನೋಡಿ ನೋಡಿ ಪಳಗಿದ ಕೈ ಅದು. ಶನಿವಾರದ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುತ್ತಿರಲಿಲ್ಲ, ಈ ಮನುಷ್ಯ ಅದನ್ನು ಮಂತ್ರ ಮಾಡಿಬಿಟ್ಟರು. ಹಿಂದಿನ ಸಾಲಿನಲ್ಲಿದ್ದ ಒಬ್ಬಾಕೆ, "ಸರ್, ಒಳಗಿಂದ ಬರುತ್ತಿರುವುದು ಹೊಳಹಾ, ಬರೀ ಭಯಾನಾ ಅಂತ ಗೊತ್ತಾಗೋದು ಹೇಗೆ?" ಅಂತ ಕೇಳಿದರು. "ಅಭ್ಯಾಸ ಮಾಡಿ, ತಾನಾಗೇ ಗೊತ್ತಾಗುತ್ತೆ ಮೇಡಂ" ಅಂದು ಮುಂದಿನ ಸ್ಲೈಡ್‌ಗೆ ಹೋದರು. ಅದು ಇವರದೇ ಮುಂದಿನ ಹಂತದ ಕೋರ್ಸಿನ ಜಾಹೀರಾತು.

ಇನ್ನೊಂದು ಮಾತು ನನಗೆ ನಿಜಕ್ಕೂ ಅಪಾಯ ಅನ್ನಿಸಿತು. ಅಭ್ಯರ್ಥಿ ಬಾಗಿಲು ದಾಟುವಷ್ಟರಲ್ಲಿ ನಿಮಗೆ ಗೊತ್ತಾಗಿಬಿಡುತ್ತದೆ, ಅದನ್ನು ನಂಬಿ ಅಂದರು. ಬಾಗಿಲು ದಾಟುವಷ್ಟರಲ್ಲಿ ಕಾಣುವುದು ಬಟ್ಟೆ, ಬಣ್ಣ, ಹೆಚ್ಚೆಂದರೆ ಮಾತಿನ ಧಾಟಿ. ಅದನ್ನು ಒಳಮನಸ್ಸು ಅಂತ ಕರೆದು ಮ್ಯಾನೇಜರ್‌ಗಳ ಕೈಗೆ ಕೊಟ್ಟರೆ ಹಳ್ಳಿ ಕಡೆಯ ಮಕ್ಕಳ ಗತಿ ಏನು?

ಊಟ ಚೆನ್ನಾಗಿತ್ತು. ಪಾರ್ಕಿಂಗ್ ಇಲ್ಲ, ಮೆಟ್ರೋದಲ್ಲಿ ಹೋಗಿ. ಐದಕ್ಕೆ ಮೂರು ಸ್ಟಾರ್. ದುಡ್ಡು ಕಟ್ಟುವ ಮೊದಲು ಯಾವ ದಿನ ಯಾರು ಕಲಿಸುತ್ತಾರೆ, ಒಂದೇ ದಿನಕ್ಕೆ ಸೇರಿಸಿಕೊಳ್ಳುತ್ತಾರಾ ಅಂತ ಫೋನ್ ಮಾಡಿ ಕೇಳಿ. ಪಾಠ ಇಂಗ್ಲಿಷ್‌ನಲ್ಲಿ, ಆದರೆ ಆ ಮೇಡಂಗೆ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಬಿಡಿಸಿ ಹೇಳುತ್ತಾರೆ. ತಾಲ್ಲೂಕು ಕಡೆಯ ಕೋಚ್‌ಗಳು ಹಿಂಜರಿಯಬೇಕಿಲ್ಲ.