ಕಥಾಹಂದರ ಕಟ್ಟುವವರಿಗೆ ಸ್ಕ್ರಿವೆನರ್

ಮೂರು ತಲೆಮಾರುಗಳ ಕಾದಂಬರಿ ಬರೆಯಲು ಕುಳಿತವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಯಾವ ಘಟನೆಯ ನಂತರ ಯಾವುದು ಬರಬೇಕೆಂಬ ಪ್ರಶ್ನೆ. ಎರಡು ವರ್ಷ ನಾನು ಆ ಲೆಕ್ಕವನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಇಟ್ಟುಕೊಂಡಿದ್ದೆ. ಒಂದು ಅಧ್ಯಾಯದ ಜಾಗ ಬದಲಾದರೆ ಬಾಣದ ಗುರುತುಗಳನ್ನೆಲ್ಲ ಹೊಡೆದುಹಾಕಿ ಮತ್ತೆ ಬರೆಯಬೇಕಾಗುತ್ತಿತ್ತು. ಆ ತೊಡಕನ್ನು ಬಿಡಿಸಿದ್ದು ಸ್ಕ್ರಿವೆನರ್ ಎಂಬ ತಂತ್ರಾಂಶ. ಇದು ಮ್ಯಾಕ್‌ಗೆ 2007ರಲ್ಲಿ, ವಿಂಡೋಸ್‌ಗೆ 2011ರಲ್ಲಿ ಬಂತು.

ಇದರ ಜೀವವಿರುವುದು ಕಾರ್ಕ್‌ಬೋರ್ಡಿನಲ್ಲಿ. ಪ್ರತಿ ದೃಶ್ಯಕ್ಕೂ ಒಂದು ಕಾರ್ಡು, ಅದರ ಮೇಲೆ ಎರಡು ಸಾಲಿನ ಸಾರಾಂಶ. ಕಾರ್ಡನ್ನು ಎಳೆದು ಬೇರೆಡೆ ಇಟ್ಟರೆ ಅದರ ಹಿಂದಿರುವ ಪೂರ್ತಿ ಬರಹವೂ ಜೊತೆಗೇ ಸರಿಯುತ್ತದೆ. ಅಜ್ಜಿಯ ಕಾಲಕ್ಕೆ ಹಸಿರು, ಮಗಳ ಕಾಲಕ್ಕೆ ನೀಲಿ, ಮೊಮ್ಮಗಳ ಕಾಲಕ್ಕೆ ಕೆಂಪು ಎಂದು ಬಣ್ಣ ಕೊಟ್ಟು ನೋಡಿದಾಗ, ನಡುವೆ ಸಾಲಾಗಿ 11 ಕಾರ್ಡುಗಳಲ್ಲಿ ಹಸಿರೇ ಇರಲಿಲ್ಲ. ಅಜ್ಜಿಯ ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಮೊದಲ ಭಾಗದಲ್ಲಿ ಕಳೆದು ಕೊನೆಯಲ್ಲಿ ಸಿಗುತ್ತದೆ. ಆದರೆ ಅಷ್ಟು ಹೊತ್ತಿಗೆ ಓದುಗರು ಪೆಟ್ಟಿಗೆಯನ್ನೇ ಮರೆತಿರುತ್ತಾರೆ. ಗೋಡೆಗೆ ಸುಣ್ಣ ಬಳಿಯುವ ದಿನ ಮಗಳು ಆ ಪೆಟ್ಟಿಗೆಯನ್ನು ಸರಿಸುವಾಗ ಒಳಗೇನೋ ಗಡಗಡ ಸದ್ದಾಗುವ ಪುಟ್ಟ ದೃಶ್ಯವೊಂದನ್ನು ಅಲ್ಲಿ ಸೇರಿಸಿದೆ. ಎಷ್ಟು ಸಲ ಓದಿದರೂ ಕಾಣದಿದ್ದ ಕೊರತೆ ಬಣ್ಣಗಳಲ್ಲಿ ಎದ್ದು ಕಂಡಿತು.

ತಿದ್ದುವ ಮುನ್ನ ಸ್ನ್ಯಾಪ್‌ಶಾಟ್, ಅಂದರೆ ಆಗಿದ್ದ ಬರಹದ ಪ್ರತಿ, ತೆಗೆದಿಟ್ಟರೆ ಹಳೆಯ ರೂಪ ಹಾಗೆಯೇ ಉಳಿಯುತ್ತದೆ.

ಯೂನಿಕೋಡ್ ಕನ್ನಡವನ್ನು ಇದರಲ್ಲಿ ನೇರವಾಗಿ ಬರೆಯಬಹುದು. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿರುವ ಕಡತಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. ದಿನದ ಪದಗಳ ಗುರಿಯನ್ನು ಮಾತ್ರ ಇಂಗ್ಲಿಷ್ ಲೇಖಕರ ಅಳತೆಯಲ್ಲಿ ಇಟ್ಟುಕೊಳ್ಳಬಾರದು. ‘ಮನೆಯಲ್ಲಿದ್ದವರಿಗೂ’ ಎಂಬುದು ಇಲ್ಲಿ ಒಂದೇ ಪದವೆಂದು ಎಣಿಕೆಯಾಗುವುದರಿಂದ ನಮ್ಮ 1,000 ಪದಗಳ ದುಡಿಮೆ ಬಹಳ ದೊಡ್ಡದು.

ಆಂಡ್ರಾಯ್ಡ್ ಆವೃತ್ತಿಯಿಲ್ಲ. ಹಸ್ತಪ್ರತಿಯನ್ನು ಒಟ್ಟುಗೂಡಿಸುವ ಕಂಪೈಲ್ ವಿಭಾಗವನ್ನು ಕಲಿಯಲು ತಾಳ್ಮೆ ಬೇಕು. ಸಣ್ಣಕಥೆ ಬರೆಯುವವರಿಗೆ ಇಷ್ಟೆಲ್ಲದರ ಅಗತ್ಯವೂ ಇಲ್ಲವೆಂದೇ ನನ್ನ ಅಭಿಪ್ರಾಯ. ಕಾದಂಬರಿಕಾರರು ಮಾತ್ರ ಉಚಿತ ಅವಧಿಯಲ್ಲಿ ಇದನ್ನು ಖಂಡಿತ ಪರೀಕ್ಷಿಸಿ ನೋಡಬೇಕು. ಅಲ್ಲಿ ಎಣಿಸುವುದು ನಾವು ನಿಜವಾಗಿ ಬಳಸಿದ 30 ದಿನಗಳನ್ನು ಮಾತ್ರ. ವಾರಕ್ಕೆ ಎರಡು ದಿನ ಬರೆಯುವವರಿಗೆ 15 ವಾರ ಸಿಗುತ್ತದೆ, ಅರ್ಧಕ್ಕೆ ನಿಂತ ಕಾದಂಬರಿಯೊಂದನ್ನು ಕಾರ್ಡುಗಳ ಮೇಲೆ ಹರಡಿ ನೋಡಲು ಅಷ್ಟು ಸಾಕು.